ಬಿಸಿಯಾದ ಡೀಸೆಲ್ ಕಾರು ಯಾಕೆ ಸ್ಟಾರ್ಟ್ ಆಗಲ್ಲ? ಪಾರ್ಟ್ ಬದಲಿಸುವ ಮೊದಲು ಅಳತೆ ಕೇಳಿ

ಬೆಳಿಗ್ಗೆ ಆರಕ್ಕೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ. ಬೆಂಗಳೂರಿಂದ ಹಾಸನದವರೆಗೆ ಯಾವ ತಕರಾರೂ ಇಲ್ಲ. ಹೋಟೆಲ್ ಮುಂದೆ ನಿಲ್ಲಿಸಿ, ತಿಂಡಿ ಮುಗಿಸಿ, ಇಪ್ಪತ್ತು ನಿಮಿಷದ ಮೇಲೆ ಕೀ ತಿರುಗಿಸಿದರೆ ಸೆಲ್ಫ್ ಮೋಟಾರ್ ಒಂದೇ ಸಮ ತಿರುಗ್ತಾ ಇರುತ್ತೆ, ಇಂಜಿನ್ ಮಾತ್ರ ಹತ್ತಿಕೊಳ್ಳಲ್ಲ. ಹತ್ತು ಸೆಕೆಂಡು, ಮತ್ತೆ ಹತ್ತು ಸೆಕೆಂಡು. ಅಷ್ಟರಲ್ಲಿ ಪ್ಯಾಸೆಂಜರ್ ಮೊಬೈಲ್ ತೆಗೆದು ಬೇರೆ ಕ್ಯಾಬ್ ಹುಡುಕೋಕೆ ಶುರು ಮಾಡಿರ್ತಾರೆ. ಬಾನೆಟ್ ಎತ್ತಿಟ್ಟು ಮುಕ್ಕಾಲು ಗಂಟೆ ಬಿಟ್ಟರೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್.

ಹಳೇ ಡೀಸೆಲ್ ಟ್ಯಾಕ್ಸಿ ಓಡಿಸುವವರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಅದರ ಬಿಲ್ಲೂ ಗೊತ್ತು. ಮೊದಲು ಬ್ಯಾಟರಿ ಹೋಗಿದೆ ಅಂತಾರೆ, ಬದಲಿಸ್ತಾರೆ. ಎರಡು ವಾರಕ್ಕೆ ಡೀಸೆಲ್ ಫಿಲ್ಟರ್. ಆಮೇಲೆ ಸೆಲ್ಫ್ ಮೋಟಾರ್. ಆಮೇಲೆ ಹೀಟರ್ ಪ್ಲಗ್. ಕೊನೆಗೆ "ನಾಲ್ಕೂ ಇಂಜೆಕ್ಟರ್ ತೆಗೀಬೇಕು ಅಣ್ಣ" ಅನ್ನೋ ಮಾತು. ಅಷ್ಟು ಹೊತ್ತಿಗೆ ಒಂದೆರಡು ತಿಂಗಳ ಇಎಂಐ ದುಡ್ಡು ಗ್ಯಾರೇಜಿಗೆ ಸುರಿದಾಗಿರುತ್ತೆ, ಕಾಯಿಲೆ ಮಾತ್ರ ಇದ್ದಲ್ಲೇ ಇರುತ್ತೆ.

ಈ ಲೇಖನ ಹೇಳಬೇಕಿರೋದು ಒಂದೇ ಮಾತು. ಬಿಸಿಯಾದಾಗ ಸ್ಟಾರ್ಟ್ ಆಗದ ಡೀಸೆಲ್ ಕಾರಿನ ಕಾಯಿಲೆಯನ್ನ ಊಹಿಸಬೇಕಿಲ್ಲ, ಅಳೆಯಬಹುದು. ಅಳತೆ ಇಲ್ಲದ ರಿಪೇರಿ ಒಂದು ಜೂಜು. ಆ ಜೂಜಿನಲ್ಲಿ ಪ್ರತಿ ಸಲ ದುಡ್ಡು ಕಟ್ಟೋದು ಗಾಡಿ ಮಾಲೀಕ. ಹಾಗಾದ್ರೆ ಅಳೆಯುವ ಸಾಧನ ಯಾರ ಕೈಯಲ್ಲಿದೆ? ಇಂಜಿನ್ನಿನಿಂದ ಶುರುವಾಗುವ ಈ ಪ್ರಶ್ನೆ ಹೋಗಿ ಮುಟ್ಟೋದು ಕಾನೂನಿನ ಬಾಗಿಲಿಗೆ.

ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತಲ್ಲ, ಅದೇ ದೊಡ್ಡ ಸುಳಿವು

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರುವಾಗ ಗಾಳಿಯನ್ನ 16ರಿಂದ 18 ಪಟ್ಟು ಒತ್ತಿ ಹಿಂಡುತ್ತೆ. ಸೈಕಲ್ ಪಂಪ್ ಹೊಡೆಯುವಾಗ ಅದರ ಬುಡ ಬಿಸಿಯಾಗೋದನ್ನ ಮುಟ್ಟಿ ನೋಡಿರ್ತೀರಿ, ಅದೇ ವಿದ್ಯೆ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತೆ. ಹಿಂಡಿದ ಗಾಳಿ ಕೆಂಡದಷ್ಟು ಕಾಯುತ್ತೆ. ಅದರೊಳಗೆ ಡೀಸೆಲ್ ಸಿಂಪಡಿಸಿದ ತಕ್ಷಣ ತಾನೇ ಹೊತ್ತಿಕೊಳ್ಳುತ್ತೆ.

ಈ ಲೆಕ್ಕದಲ್ಲಿ ಡೀಸೆಲ್ ಇಂಜಿನ್ ತಣ್ಣಗಿದ್ದಾಗ ಕಷ್ಟಪಡಬೇಕು, ಬಿಸಿಯಾದಾಗ ಸುಲಭವಾಗಿ ಸ್ಟಾರ್ಟ್ ಆಗಬೇಕು. ಚಳಿಗಾಲದ ಬೆಳಿಗ್ಗೆಗಾಗಿಯೇ ಹೀಟರ್ ಪ್ಲಗ್ ಇಟ್ಟಿರೋದು. ಪಿಸ್ಟನ್ ರಿಂಗ್ ಸವೆದು ಕಂಪ್ರೆಷನ್ ಇಳಿದಿದ್ದರೂ ಅದರ ಲಕ್ಷಣ ಮೊದಲು ಕಾಣೋದು ಬೆಳಗಿನ ಮೊದಲ ಸ್ಟಾರ್ಟಿನಲ್ಲೇ.

ನಮ್ಮ ಕಾರು ಇದಕ್ಕೆ ಪೂರ್ತಿ ಉಲ್ಟಾ. ತಣ್ಣಗಿದ್ದಾಗ ಚೆನ್ನಾಗಿದೆ, ಬಿಸಿಯಾದಾಗ ಕೈ ಕೊಡ್ತಿದೆ. ಹಾಗಾಗಿ ಹೀಟರ್ ಪ್ಲಗ್ ಮತ್ತು ಕಂಪ್ರೆಷನ್ ಅನುಮಾನದ ಪಟ್ಟಿಯಲ್ಲಿ ಕೊನೆಗೆ ಹೋಗ್ತವೆ. "ಹೀಟರ್ ಪ್ಲಗ್ ಹಾಕಿ ನೋಡೋಣ" ಅಂತ ಯಾರಾದ್ರೂ ಅಂದರೆ ಅಲ್ಲೇ ತಡೆಯಬಹುದು. ಒಂದು ಪೈಸೆ ಖರ್ಚಿಲ್ಲದೆ ಪಟ್ಟಿಯಲ್ಲಿ ಎರಡು ಹೆಸರು ಕೆಳಗಿಳಿದವು.

ತೆಳುವಾದ ಡೀಸೆಲ್, ಸವೆದ ಲೋಹ

ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿ ಕಾಣೋ ಡೀಸೆಲ್ ಇಂಜಿನ್ ಒಂದನ್ನೇ ತಗೊಳ್ಳಿ. ಫಿಯೆಟ್ ವಿನ್ಯಾಸದ 1248 ಸಿಸಿಯ ಈ ಇಂಜಿನ್ ಮಾರುತಿಯ ಸ್ವಿಫ್ಟ್, ಡಿಸೈರ್, ಟಾಟಾದ ವಿಸ್ಟಾ, ಫಿಯೆಟ್‌ನ ಪುಂಟೊ ಎಲ್ಲದರಲ್ಲೂ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಹಾಗಾಗಿ ಇವತ್ತು ಓಡ್ತಿರೋ ಡೀಸೆಲ್ ಡಿಸೈರ್‌ಗಳೆಲ್ಲ ವಯಸ್ಸಾದವು. ಎರಡು ಲಕ್ಷ ಕಿಲೋಮೀಟರ್ ದಾಟಿದ ಟ್ಯಾಕ್ಸಿ ಅಪರೂಪವೇನಲ್ಲ. ಈ ಇಂಜಿನ್ ಉದಾಹರಣೆ ಮಾತ್ರ, ಮುಂದೆ ಹೇಳೋದು ಕಾಮನ್ ರೈಲ್ ವ್ಯವಸ್ಥೆ ಇರುವ ಹೆಚ್ಚಿನ ಕಾರುಗಳಿಗೆ ಅನ್ವಯಿಸುತ್ತೆ.

ಕಾಮನ್ ರೈಲ್ ಅಂದ್ರೆ ದಪ್ಪ ಉಕ್ಕಿನ ಒಂದು ಕೊಳವೆ. ಹೈ ಪ್ರೆಷರ್ ಪಂಪ್ ಅದರೊಳಗೆ ಡೀಸೆಲ್ ತುಂಬಿ ಒತ್ತಡ ಏರಿಸುತ್ತೆ. ಐಡಲ್‌ನಲ್ಲಿ 250–300 ಬಾರ್ ಆಸುಪಾಸು, ಫುಲ್ ಲೋಡ್‌ನಲ್ಲಿ ಈ ತಲೆಮಾರಿನ ಇಂಜಿನ್‌ಗಳಲ್ಲಿ 1600 ಬಾರ್‌ವರೆಗೆ. ಕಾರಿನ ಟೈರಿನಲ್ಲಿ ಇರೋದು ಎರಡು ಚಿಲ್ಲರೆ ಬಾರ್ ಅಂತ ನೆನಪಿಟ್ಟುಕೊಂಡರೆ ಇದರ ಗಾತ್ರ ಅರ್ಥವಾಗುತ್ತೆ. ಆ ಕೊಳವೆಯಿಂದ ನಾಲ್ಕು ಇಂಜೆಕ್ಟರ್‌ಗಳಿಗೆ ಡೀಸೆಲ್ ಹೋಗುತ್ತೆ. ಯಾವಾಗ, ಎಷ್ಟು ಸಿಂಪಡಿಸಬೇಕು ಅಂತ ಇಸಿಯು ಅನ್ನೋ ಕಂಪ್ಯೂಟರ್ ಹೇಳುತ್ತೆ.

ಸ್ಟಾರ್ಟ್ ಮಾಡುವಾಗ ಇಸಿಯುಗೆ ಒಂದು ಷರತ್ತಿದೆ. ರೈಲ್‌ನಲ್ಲಿ ಕನಿಷ್ಠ ಒತ್ತಡ ಬರೋವರೆಗೂ ಅದು ಇಂಜೆಕ್ಟರ್ ತೆರೆಯೋಕೆ ಬಿಡಲ್ಲ. ಬಹುತೇಕ ಕಾರುಗಳಲ್ಲಿ ಈ ಗಡಿ 150ರಿಂದ 250 ಬಾರ್ ನಡುವೆ ಇರುತ್ತೆ. ಅಷ್ಟು ಬರಲಿಲ್ಲ ಅಂದ್ರೆ ಸೆಲ್ಫ್ ಎಷ್ಟೇ ತಿರುಗಲಿ, ಸಿಲಿಂಡರಿಗೆ ಒಂದು ಹನಿ ಡೀಸೆಲ್ ಬೀಳಲ್ಲ.

ಇಂಜೆಕ್ಟರ್ ಒಳಗಿನ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೆ ಇಪ್ಪತ್ತರಲ್ಲಿ ಒಂದು ಪಾಲು ಅಂದುಕೊಳ್ಳಿ. ಆ ಸಂದಿನಿಂದ ಸ್ವಲ್ಪ ಡೀಸೆಲ್ ಸೋರಿ ರಿಟರ್ನ್ ಪೈಪಿನ ಮೂಲಕ ವಾಪಸ್ ಹೋಗೋದು ಸಹಜ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಓದುವಾಗ ಬಾಯಿಪಾಠ ಮಾಡಿದ ಒಂದು ನಿಯಮ ಇಲ್ಲಿ ಜೀವ ತಾಳುತ್ತೆ: ಸಂದು ಎರಡು ಪಟ್ಟಾದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ದ್ರವ ಎಷ್ಟು ತೆಳುವೋ ಸೋರಿಕೆ ಅಷ್ಟು ಜಾಸ್ತಿ.

ಡೀಸೆಲ್ 40 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ಅದರ ಸ್ನಿಗ್ಧತೆ ಸುಮಾರು ಅರ್ಧಕ್ಕೆ ಇಳಿಯುತ್ತೆ. ತಣ್ಣಗಿನ ಜೇನಿಗೂ ಕಾಯಿಸಿದ ಜೇನಿಗೂ ಇರೋ ವ್ಯತ್ಯಾಸದ ಹಾಗೆ. ಹೊಸ ಇಂಜೆಕ್ಟರ್‌ಗೆ ಇದು ಲೆಕ್ಕಕ್ಕಿಲ್ಲ. ಸವೆದ ಇಂಜೆಕ್ಟರ್‌ನಲ್ಲಿ ಮಾತ್ರ ಸಂದೂ ದೊಡ್ಡದು, ಡೀಸೆಲ್ಲೂ ತೆಳು. ಪಂಪ್ ತುಂಬಿಸಿದ್ದೆಲ್ಲ ರಿಟರ್ನ್ ಪೈಪಿನಲ್ಲಿ ಹರಿದು ಹೋಗುತ್ತೆ. ತೂತು ಬಿಂದಿಗೆಗೆ ನೀರು ತುಂಬಿಸಿದ ಹಾಗೆ.

ಹಾಗಾದ್ರೆ ಒಮ್ಮೆ ಸ್ಟಾರ್ಟ್ ಆದಮೇಲೆ ಯಾಕೆ ಸರಿಯಾಗಿ ಓಡುತ್ತೆ? ಸೆಲ್ಫ್ ಇಂಜಿನ್ನನ್ನ ನಿಮಿಷಕ್ಕೆ 200–250 ಸುತ್ತು ತಿರುಗಿಸುತ್ತೆ. ಸ್ಟಾರ್ಟ್ ಆದಮೇಲೆ ಐಡಲ್‌ನಲ್ಲೇ 800ಕ್ಕೂ ಮೇಲೆ. ಪಂಪ್ ಇಂಜಿನ್ ಜೊತೆಗೇ ತಿರುಗೋದರಿಂದ ಅದು ತುಂಬಿಸುವ ಡೀಸೆಲ್ ಮೂರ್ನಾಲ್ಕು ಪಟ್ಟು ಹೆಚ್ಚುತ್ತೆ, ಸೋರಿಕೆಯನ್ನ ಮೀರಿಸಿಬಿಡುತ್ತೆ.

ಇನ್ನೊಂದು ಪ್ರಶ್ನೆ: ಇಪ್ಪತ್ತು ನಿಮಿಷ ನಿಲ್ಲಿಸಿದಾಗಲೇ ಯಾಕೆ ಈ ಕಾಟ? ಕಾರು ನಿಂತ ತಕ್ಷಣ ಎದುರುಗಾಳಿ ನಿಲ್ಲುತ್ತೆ, ಕೂಲೆಂಟ್ ಹರಿಯೋದೂ ನಿಲ್ಲುತ್ತೆ. ಕಾದ ಇಂಜಿನ್ ಬ್ಲಾಕಿನ ಶಾಖ ಪಂಪ್, ಪೈಪು, ಇಂಜೆಕ್ಟರ್‌ಗಳಿಗೆ ಏರುತ್ತೆ. ಹಾಗಾಗಿ ಬಾನೆಟ್ ಒಳಗೆ ಡೀಸೆಲ್ ಓಡುವಾಗ ಇದ್ದದ್ದಕ್ಕಿಂತ ನಿಂತು ಸ್ವಲ್ಪ ಹೊತ್ತಾದ ಮೇಲೆ ಹೆಚ್ಚು ಬಿಸಿ. ಕಲಬುರಗಿ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಇದಕ್ಕೆ ಇನ್ನಷ್ಟು ಸೇರಿಸುತ್ತೆ.

ಮೊದಲು ಕಿವಿ, ಆಮೇಲೆ ಮೀಟರ್

ಸೋರಿಕೆ ಮುಖ್ಯ ಆರೋಪಿ ನಿಜ, ಆದರೆ ಅದೊಂದೇ ಅಲ್ಲ. ಅದಕ್ಕೇ ಕ್ರಮವಾಗಿ ಹೋಗಬೇಕು, ಖರ್ಚಿಲ್ಲದ ಪರೀಕ್ಷೆ ಮೊದಲು.

ಬಿಸಿ ಇಂಜಿನ್ನಿಗೆ ಸೆಲ್ಫ್ ಹೊಡೆಯುವಾಗ ಕಿವಿಗೊಟ್ಟು ಕೇಳಿ. ಬೆಳಗಿನ ಸದ್ದಿಗಿಂತ ನಿಧಾನವಾಗಿ, ಎಳೆದೆಳೆದು ತಿರುಗ್ತಿದೆಯಾ? ಹಾಗಿದ್ರೆ ಅನುಮಾನ ಕರೆಂಟಿನ ಕಡೆ. ತಾಮ್ರದ ತಂತಿ 60 ಡಿಗ್ರಿ ಹೆಚ್ಚು ಕಾದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇ. 23ರಷ್ಟು ಏರುತ್ತೆ. ಹಳೇ ಸೆಲ್ಫ್ ಮೋಟಾರ್, ತುಕ್ಕು ಹಿಡಿದ ಟರ್ಮಿನಲ್, ಸಡಿಲವಾದ ಅರ್ತಿಂಗ್ ಪಟ್ಟಿ, ಎಲ್ಲವೂ ಬಿಸಿಯಲ್ಲೇ ಬಯಲಾಗ್ತವೆ.

ಇಲ್ಲಿ ಬೇಕಿರೋದು ಒಂದು ಸಾದಾ ಮಲ್ಟಿಮೀಟರ್. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ವೋಲ್ಟೇಜ್ ನೋಡಿ. ಸುಮಾರು 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟಾರ್ ವಿಪರೀತ ಕರೆಂಟ್ ಎಳೀತಿದೆ. ಆಮೇಲೆ ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ ಬ್ಲಾಕಿಗೆ ಮೀಟರ್ ಇಟ್ಟು ಮತ್ತೆ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತಿಂಗ್ ಸರಿಯಿಲ್ಲ. ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದರೆ ಸರಿಹೋಗುವ ಕಾಯಿಲೆಗೆ ಎಷ್ಟೋ ಜನ ಹೊಸ ಬ್ಯಾಟರಿ ಹಾಕಿಸಿಕೊಂಡಿದ್ದಾರೆ.

ಸೆಲ್ಫ್ ಜೋರಾಗೇ ಇದೆ, ಇಂಜಿನ್ ಮಾತ್ರ ಹತ್ತಲ್ಲ

ಈಗ ಸ್ಕ್ಯಾನರ್ ಬೇಕು. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಬ್ಲೂಟೂತ್ ಸಾಧನವೂ ಮೊಬೈಲಿಗೆ ಒಂದಷ್ಟು ಮಾಹಿತಿ ಕೊಡುತ್ತೆ. ಬರೀ ಫಾಲ್ಟ್ ಕೋಡ್ ನೋಡಿ ಬಿಡಬೇಡಿ. ಪಿ0087 ಬಂದಿದ್ದರೆ ರೈಲ್ ಒತ್ತಡ ಕಡಿಮೆ, ಪಿ0335 ಬಂದಿದ್ದರೆ ಕ್ರ್ಯಾಂಕ್ ಸೆನ್ಸರ್ ಕಡೆ ನೋಡಿ ಅಂತ ಅರ್ಥ. ಕೋಡ್ ಇಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ. ಸೆಲ್ಫ್ ತಿರುಗುವಾಗಿನ ಲೈವ್ ಡೇಟಾದಲ್ಲಿ ಎರಡು ಸಂಖ್ಯೆ ನೋಡಬೇಕು.

ಮೊದಲನೆಯದು ಆರ್‌ಪಿಎಂ. ಇಂಜಿನ್ ತಿರುಗ್ತಿರೋದು ಕಿವಿಗೆ ಕೇಳ್ತಿದ್ದರೂ ಸ್ಕ್ಯಾನರ್ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಸತ್ತಿದೆ, ಇಲ್ಲ ಅದರ ವೈರ್ ಕಡಿದಿದೆ. ಇಂಜಿನ್ ಯಾವ ಸ್ಥಾನದಲ್ಲಿದೆ ಅಂತ ಗೊತ್ತಾಗದೆ ಇಸಿಯು ಇಂಜೆಕ್ಟರ್ ತೆರೆಯಲ್ಲ. ಕಾದಾಗ ಒಳಗಿನ ಸುರುಳಿಯ ತಂತಿ ಹಿಗ್ಗಿ ಬಿಡಿಸಿಕೊಳ್ಳುತ್ತೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತೆ. ಸೆನ್ಸರ್ ಕೈಗೆ ಸಿಗೋ ಜಾಗದಲ್ಲಿದ್ದರೆ ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಐದು ನಿಮಿಷ ಬಿಟ್ಟು ನೋಡಿ. ಸ್ಟಾರ್ಟ್ ಆದರೆ ಅನುಮಾನ ಗಟ್ಟಿಯಾಯ್ತು.

ಸೋರಿಕೆಗೂ ಸೆನ್ಸರ್‌ಗೂ ಇನ್ನೊಂದು ವ್ಯತ್ಯಾಸ ಇದೆ. ಸೆನ್ಸರ್ ಕೆಟ್ಟರೆ ಕಾರು ಓಡುವಾಗಲೂ ಒಮ್ಮೊಮ್ಮೆ ದಿಢೀರಂತ ಆಫ್ ಆಗಬಹುದು. ಸೋರಿಕೆ ಹಾಗಲ್ಲ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತೆ. ಮೊದಲು ಮೂರು ಸೆಕೆಂಡು ಸೆಲ್ಫ್, ಆಮೇಲೆ ಐದು, ಆಮೇಲೆ ಹತ್ತು.

ಎರಡನೆಯದು ರೈಲ್ ಪ್ರೆಷರ್. ತಣ್ಣಗಿದ್ದಾಗ ಕ್ಷಣದಲ್ಲಿ 250 ದಾಟುತ್ತಿದ್ದದ್ದು ಬಿಸಿಯಲ್ಲಿ 120, 140ರಲ್ಲೇ ಒದ್ದಾಡ್ತಿದ್ದರೆ ಕಾಯಿಲೆ ಡೀಸೆಲ್ ಒತ್ತಡದ್ದು ಅನ್ನೋದು ಬಹುಮಟ್ಟಿಗೆ ಖಚಿತ. ಅದಕ್ಕೂ ಮೊದಲು ಸೆನ್ಸರ್ ಸುಳ್ಳು ಹೇಳ್ತಿಲ್ಲ ಅಂತ ನೋಡಿಕೊಳ್ಳಿ. ಇಂಜಿನ್ ಆಫ್ ಮಾಡಿ ಕೆಲ ನಿಮಿಷ ಬಿಟ್ಟು ಕೀ ಮಾತ್ರ ಆನ್ ಮಾಡಿದರೆ ರೈಲ್ ಪ್ರೆಷರ್ ಹೆಚ್ಚೂಕಡಿಮೆ ಸೊನ್ನೆ ತೋರಿಸಬೇಕು. ಕೂಲೆಂಟ್ ಉಷ್ಣಾಂಶವನ್ನೂ ಒಮ್ಮೆ ನೋಡಿ. ಕಾದ ಇಂಜಿನ್ನಿಗೆ ಸೆನ್ಸರ್ 20 ಡಿಗ್ರಿ ಅಂತ ಹೇಳ್ತಿದ್ದರೆ ಇಸಿಯು ತಪ್ಪು ಲೆಕ್ಕದಲ್ಲಿ ಡೀಸೆಲ್ ಕೊಡುತ್ತೆ.

ನಾಲ್ಕು ಬಾಟಲಿಗಳ ಪರೀಕ್ಷೆ

ಒತ್ತಡ ಏರ್ತಿಲ್ಲ ಅಂತ ಗೊತ್ತಾಯ್ತು. ಎಲ್ಲಿ ಸೋರ್ತಿದೆ? ಸುಲಭದ್ದರಿಂದ ಶುರು ಮಾಡಿ. ಫಿಲ್ಟರ್ ಕೊನೆಯ ಸಲ ಬದಲಿಸಿದ್ದು ಯಾವಾಗ? ಟ್ಯಾಂಕಿನಿಂದ ಬರುವ ಲೈನ್ ಏರ್ ಎಳೀತಿದೆಯಾ? ಆ ಲೈನಿನಲ್ಲಿ ಸ್ವಲ್ಪ ದೂರ ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತೆ.

ಇವೆರಡೂ ಸರಿಯಿದ್ದರೆ ರಿಟರ್ನ್ ಪರೀಕ್ಷೆ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ಬಿಚ್ಚಿ, ಒಂದೊಂದಕ್ಕೂ ಒಂದೇ ಅಳತೆಯ ಪಾರದರ್ಶಕ ಬಾಟಲಿ ಜೋಡಿಸ್ತಾರೆ. ನಿಗದಿತ ಹೊತ್ತು ಸೆಲ್ಫ್ ಹೊಡೆಸಿ ಅಥವಾ ಐಡಲ್‌ನಲ್ಲಿ ಓಡಿಸಿ, ಯಾವ ಬಾಟಲಿಯಲ್ಲಿ ಎಷ್ಟು ಡೀಸೆಲ್ ಬಿತ್ತು ಅಂತ ಹೋಲಿಸ್ತಾರೆ. ಮೂರರಲ್ಲಿ ತಳ ಮುಟ್ಟುವಷ್ಟು, ನಾಲ್ಕನೆಯದರಲ್ಲಿ ಅರ್ಧ ಬಾಟಲಿ ಬಿದ್ದಿದ್ದರೆ ಕಳ್ಳ ಸಿಕ್ಕಿಬಿದ್ದ. ಒಂದು ಇಂಜೆಕ್ಟರ್ ಮಾತ್ರ ರಿಪೇರಿಗೆ ಕೊಡಿ, ನಾಲ್ಕನ್ನೂ ಬದಲಿಸೋದು ಬೇಕಿಲ್ಲ. ನಾಲ್ಕರಲ್ಲೂ ರಿಟರ್ನ್ ಕಮ್ಮಿಯಿದ್ದೂ ಒತ್ತಡ ಏರದಿದ್ದರೆ ಅನುಮಾನ ಪ್ರೆಷರ್ ವಾಲ್ವ್ ಅಥವಾ ಪಂಪಿನ ಮೇಲೆ. ಪೀಜೋ ಇಂಜೆಕ್ಟರ್ ಇರುವ ಕಾರುಗಳಲ್ಲಿ ರಿಟರ್ನ್ ಲೈನಿನಲ್ಲೇ ಒತ್ತಡ ಉಳಿದಿರಬೇಕು, ಅವಕ್ಕೆ ವಿಧಾನ ಬೇರೆ.

ಇಲ್ಲೊಂದು ಎಚ್ಚರ. ಈ ಪರೀಕ್ಷೆಯನ್ನ ಇಂಜಿನ್ ಬಿಸಿಯಿದ್ದಾಗಲೇ ಮಾಡಬೇಕು. ಎಷ್ಟೋ ಗ್ಯಾರೇಜುಗಳಲ್ಲಿ ಸಂಜೆ ಕಾರು ಬಿಟ್ಟು ಹೋಗಿರ್ತಾರೆ. ಮೆಕ್ಯಾನಿಕ್ ಮುಟ್ಟೋದು ಮಾರನೇ ದಿನ ಬೆಳಿಗ್ಗೆ, ತಣ್ಣಗಿನ ಇಂಜಿನ್ನನ್ನ. ಎಲ್ಲ ಅಳತೆಯೂ ಸರಿಯಾಗೇ ಬರುತ್ತೆ. "ಏನೂ ಪ್ರಾಬ್ಲಮ್ ಇಲ್ಲ ಸಾರ್" ಅನ್ನೋ ಉತ್ತರದ ಹಿಂದೆ ಹೆಚ್ಚಿನ ಸಲ ಸುಳ್ಳಿರಲ್ಲ, ಹೊತ್ತು ತಪ್ಪಿದ ಪರೀಕ್ಷೆ ಇರುತ್ತೆ.

ದಯವಿಟ್ಟು ಇವನ್ನ ಮಾಡಬೇಡಿ

ಹಳೇ ಡೀಸೆಲ್ ಗಾಡಿಗಳಲ್ಲಿ ನಾಝಲ್ ಪೈಪಿನ ನಟ್ ಸಡಿಲಿಸಿ ಏರ್ ತೆಗೀತಿದ್ರು. ಕಾಮನ್ ರೈಲ್‌ನಲ್ಲಿ ಅದನ್ನ ಯಾವತ್ತೂ ಮಾಡಬೇಡಿ. ನೂರಾರು ಬಾರ್ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ನುಗ್ಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಂಡರೂ ಒಳಗೆ ಬೆರಳು, ಕೈ ಕಳೆದುಕೊಳ್ಳುವಷ್ಟು ಹಾನಿ ಆಗಿರಬಹುದು. ಹಾಗೇನಾದ್ರೂ ಆದರೆ ನೋವಿಗೆ ಕಾಯದೆ ನೇರ ದೊಡ್ಡಾಸ್ಪತ್ರೆಗೆ ಹೋಗಿ.

ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನ ಏರ್ ಫಿಲ್ಟರ್ ಬಾಯಿಗೆ ಹಿಡಿಯೋದು, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯೋದು ಕೂಡ ಬೇಡ. ಹೊತ್ತಲ್ಲದ ಹೊತ್ತಲ್ಲಿ ಉರಿದು ಪಿಸ್ಟನ್ ಒಡೆಯಬಹುದು, ಬೆಂಕಿಯೂ ಹತ್ತಬಹುದು. ಸೆಲ್ಫ್ ಅನ್ನ ಒಂದೇ ಸಮ ಅರ್ಧ ನಿಮಿಷ ಹೊಡೆದರೆ ಸೆಲ್ಫ್ ಮೋಟಾರ್ ಸುಟ್ಟು, ಒಂದು ಕಾಯಿಲೆ ಎರಡಾಗುತ್ತೆ.

ಅಳತೆ ಯಾರ ಕೈಯಲ್ಲಿದೆ?

ಇಷ್ಟೆಲ್ಲ ಓದಿದ ಮೇಲೆ ಊಹೆ ಮಾಡಿ ಪಾರ್ಟ್ ಬದಲಿಸುವ ಮೆಕ್ಯಾನಿಕ್ ಮೇಲೆ ಸಿಟ್ಟು ಬರಬಹುದು. ಆ ಸಿಟ್ಟು ಪೂರ್ತಿ ನ್ಯಾಯವಲ್ಲ.

ಆಡುಗೋಡಿಯ ಮೈಕೋ ಕಾರ್ಖಾನೆ 1950ರ ದಶಕದಿಂದ ಬೆಂಗಳೂರನ್ನ ಡೀಸೆಲ್ ಪಂಪಿನ ಊರು ಮಾಡಿತ್ತು. ಆ ಕಾಲದ ಯಾಂತ್ರಿಕ ಪಂಪನ್ನ ಊರೂರಿನ ಮೆಕ್ಯಾನಿಕ್‌ಗಳು ಬಿಚ್ಚಿ, ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಕಲಿತರು. ಕಾಮನ್ ರೈಲ್ ಬಂದಮೇಲೆ ವಿದ್ಯೆ ಕೈಯಿಂದ ಸಾಫ್ಟ್‌ವೇರ್‌ಗೆ ಹೋಯ್ತು. ಇವತ್ತು ಬಹಳಷ್ಟು ಕಾರುಗಳಲ್ಲಿ ಹೊಸ ಇಂಜೆಕ್ಟರ್ ಹಾಕಿದರೆ ಅದರ ಮೇಲಿನ ಕೋಡನ್ನ ಸ್ಕ್ಯಾನರ್ ಮೂಲಕ ಇಸಿಯುಗೆ ಬರೆಯಬೇಕು. ಕಂಪನಿಯ ಸಾಫ್ಟ್‌ವೇರ್ ಇಲ್ಲದ, ಮ್ಯಾನುಯಲ್ ಸಿಗದ ರಸ್ತೆಬದಿಯ ಮೆಕ್ಯಾನಿಕ್‌ಗೆ ಉಳಿದಿರೋದು ಊಹೆ ಒಂದೇ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಶಂಶೇರ್ ಕಟಾರಿಯಾ ಎಂಬವರ ದೂರಿನಿಂದ ಶುರುವಾದ ಪ್ರಕರಣ ಅದು. ಬಿಡಿಭಾಗ, ರಿಪೇರಿ ಮಾಹಿತಿ, ಡಯಾಗ್ನೋಸ್ಟಿಕ್ ಸಾಧನಗಳು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿ ಕಂಪನಿಗಳು ಸ್ಪರ್ಧೆಯನ್ನ ಕೊಂದಿವೆ ಅಂತ ಆಯೋಗ ಹೇಳಿತು, ಅವನ್ನ ಮುಕ್ತವಾಗಿ ಸಿಗುವಂತೆ ಮಾಡಿ ಅಂತ ಆದೇಶಿಸಿತು. ಕಂಪನಿಗಳು ಮೇಲ್ಮನವಿ ಹೋದವು, ಕಾನೂನಿನ ಜಗ್ಗಾಟ ವರ್ಷಗಟ್ಟಲೆ ನಡೀತು.

2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿನ' ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳನ್ನೂ ಗುರುತಿಸಿತು. ಅದೇ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಬಂತು. ಆದರೆ ಪೋರ್ಟಲ್ ಕೊಡೋದು ಮಾಹಿತಿ, ಹಕ್ಕು ಬರೋದು ಕಾನೂನಿಂದ. ಮ್ಯಾನುಯಲ್ಲು, ಸಾಫ್ಟ್‌ವೇರು ನ್ಯಾಯವಾದ ಬೆಲೆಗೆ ಯಾವ ಮೆಕ್ಯಾನಿಕ್‌ಗಾದರೂ ಸಿಗಲೇಬೇಕು ಅನ್ನೋ ಗಟ್ಟಿ ಕಾನೂನಿಗಾಗಿ ಟ್ಯಾಕ್ಸಿ ಚಾಲಕರ ಸಂಘಟನೆಗಳು, ಗ್ಯಾರೇಜ್ ಮಾಲೀಕರು, ಟ್ರ್ಯಾಕ್ಟರ್ ಇರೋ ರೈತರು ಒಟ್ಟಿಗೆ ಕೇಳಬೇಕಿದೆ. ಟ್ರ್ಯಾಕ್ಟರ್‌ಗಳಿಗೂ ಈಗ ಕಾಮನ್ ರೈಲ್ ಬರ್ತಿದೆ, ಉಳುಮೆ ಹೊತ್ತಲ್ಲಿ ಕೆಟ್ಟು ನಿಂತರೆ ಕಾಯೋಕೆ ಮಳೆ ಒಪ್ಪಲ್ಲ.

ಗ್ಯಾರೇಜಿಗೆ ಹೋದಾಗ ಕೇಳಿ

ಕಾನೂನು ಬರೋವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಗ್ಯಾರೇಜಿನಲ್ಲಿ ಈ ಐದು ಮಾತು ಕೇಳಬಹುದು:

1. ಇಂಜಿನ್ ಬಿಸಿಯಿದ್ದಾಗ ಪರೀಕ್ಷೆ ಮಾಡಿದ್ರಾ, ತಣ್ಣಗಿದ್ದಾಗಲಾ?

2. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಎಷ್ಟು, ಆರ್‌ಪಿಎಂ ಎಷ್ಟು, ರೈಲ್ ಪ್ರೆಷರ್ ಎಷ್ಟು ಬಂತು?

3. ರಿಟರ್ನ್ ಪರೀಕ್ಷೆಯ ನಾಲ್ಕು ಬಾಟಲಿಗಳ ಫೋಟೊ ಇದೆಯಾ?

4. ಬದಲಿಸಿದ ಹಳೇ ಪಾರ್ಟ್ ವಾಪಸ್ ಕೊಡ್ತೀರಾ?

5. ಹೊಸ ಇಂಜೆಕ್ಟರ್ ಹಾಕಿದ್ರೆ ಅದರ ಕೋಡ್ ಇಸಿಯುಗೆ ಬರೆದ್ರಾ?

ಬಿಲ್ ಕೇಳೋದನ್ನ ಮರೀಬೇಡಿ. ಬಿಲ್ ಕೊಡದೇ ಇರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಈ ಸಂಖ್ಯೆಗಳನ್ನ ಒಂದು ಡೈರಿಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಸಲ ಬೇರೆ ಗ್ಯಾರೇಜಿಗೆ ಹೋದಾಗ ಮೊದಲಿಂದ ಶುರು ಮಾಡಬೇಕಾಗಲ್ಲ. ಅಳತೆ ತೋರಿಸುವ ಮೆಕ್ಯಾನಿಕ್ ಸಿಕ್ಕರೆ ಆ ಪರೀಕ್ಷೆಗೆ ಕೇಳಿದ ಕೂಲಿಯನ್ನ ಚೌಕಾಸಿ ಮಾಡದೆ ಕೊಡಿ. ಪಾರ್ಟ್ ಮಾರಿದ್ರೆ ಮಾತ್ರ ಸಂಪಾದನೆ ಅನ್ನೋ ಸ್ಥಿತಿ ಇರೋವರೆಗೂ ಪಾರ್ಟೇ ಬದಲಾಗ್ತಾ ಇರುತ್ತೆ.